ನವಲಗುಂದದ ಕವರ್, ಯಮನೂರಿನ ವಿಡಿಯೋ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟರೆ ನವಲಗುಂದ ಸಿಗುತ್ತೆ. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಬೆಣ್ಣಿಹಳ್ಳ, ಹಳ್ಳದ ಬಾಜೂಕೆ ಯಮನೂರು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ನರಗುಂದ. ಎರಡೂ ಬದಿಗೆ ಕಣ್ಣು ಹಾಯಿಸಿದಷ್ಟೂ ಎರೆಹೊಲ. ದೊಡ್ಡ ದಾರಿಯೇನಲ್ಲ. ಆದರೆ ಇಷ್ಟೇ ದಾರಿಯಲ್ಲಿ 36 ವರ್ಷಗಳ ಅಂತರದಲ್ಲಿ ಎರಡು ಜುಲೈ ತಿಂಗಳು ಬಂದು ಹೋದವು. ಒಂದು 1980ರದ್ದು, ಇನ್ನೊಂದು 2016ರದ್ದು. ಎರಡರಲ್ಲೂ ರೈತರು ಬೀದಿಗೆ ಬಂದರು, ಎರಡೂ ಸಲ ಜಗಳ ನೀರಿನದ್ದೇ, ಎರಡೂ ಸಲ ಪೊಲೀಸರು ಬಂದರು. ಒಂದೇ ಒಂದು ದೊಡ್ಡ ವ್ಯತ್ಯಾಸ ಏನಪ್ಪಾ ಅಂದರೆ, ಮೊದಲನೆಯದನ್ನು ಹೊರಗಿನವರು ಯಾರೂ ಕಣ್ಣಾರೆ ನೋಡಲಿಲ್ಲ. ಎರಡನೆಯದನ್ನು ಇಡೀ ಕರ್ನಾಟಕ ನೋಡಿತು.

ಇಂಟರ್‌ನೆಟ್ ಬರೋದಕ್ಕೆ ಮೊದಲು ಹೇಗಿತ್ತು, ಬಂದ ಮೇಲೆ ಏನಾಯ್ತು ಅಂತ ನಾವು ಟಿವಿಯವರು ಆಗಾಗ ಚರ್ಚೆ ಇಡುತ್ತೀವಿ. ನಾಲ್ಕು ಜನ ತಜ್ಞರು ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಮಾತಾಡ್ತಾರೆ. ನನಗೆ ಮಾತ್ರ ಆ ಪ್ರಶ್ನೆ ಬಂದಾಗಲೆಲ್ಲ ಈ ರಸ್ತೆ ನೆನಪಾಗುತ್ತೆ. ಅದಕ್ಕೆ ಕಾರಣ ಯಮನೂರಿನ ಒಬ್ಬ ಅಜ್ಜ. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು 1980.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಆಗಿತ್ತು. ಕಾಲುವೆ ಬಂತು. ಕಾಲುವೆಯ ಹಿಂದೆಯೇ ಬೆಟರ್‌ಮೆಂಟ್ ಲೆವಿಯ ನೋಟಿಸೂ ಬಂತು. ನೀರಾವರಿಯಿಂದ ನಿಮ್ಮ ಜಮೀನಿನ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಅನ್ನೋದು ಅದರ ಅರ್ಥ. ನೀರು ಮುಟ್ಟದ ಹೊಲಕ್ಕೂ ಕರ ಹಾಕ್ಯಾರ ಅನ್ನೋದು ರೈತರ ದೂರು. ಸರಿ, ನೀರು ಮುಟ್ಟಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋದು ಹೇಗೆ? ದಫ್ತರ ನೋಡಬೇಕು. ದಫ್ತರ ಎಲ್ಲಿದೆ? ತಲಾಠಿಯ ಹತ್ತಿರ. ನಮ್ಮ ಕಡೆ ಪಹಣಿಗೆ ಉತಾರ ಅಂತಾರೆ. ಒಂದು ಉತಾರ ಬೇಕಾದರೆ ತಲಾಠಿ ಯಾವ ಊರಲ್ಲಿದ್ದಾನೆ ಅಂತ ಹುಡುಕಬೇಕು, ಸಿಕ್ಕರೆ ಅವನ ಮರ್ಜಿ ಕಾಯಬೇಕು, ಅವನು ಕೈಯಲ್ಲಿ ಬರೆದು ಕೊಟ್ಟದ್ದೇ ಸತ್ಯ. ರೈತನ ಹೊಲದ ಬಗ್ಗೆ ರೈತನಿಗಿಂತ ಹೆಚ್ಚು ಆ ದಫ್ತರಕ್ಕೆ ಗೊತ್ತಿತ್ತು. ಆ ದಫ್ತರದೊಳಗೆ ಏನಿದೆ ಅಂತ ರೈತನಿಗೆ ಗೊತ್ತಿರಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1980ರ ಜುಲೈ 21. ನವಲಗುಂದ, ನರಗುಂದ ಎರಡೂ ಕಡೆ ಸಾವಿರಾರು ರೈತರು ಸೇರಿದರು. ಗೋಲಿಬಾರ್ ಆಯ್ತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಪ್ರಾಣ ಬಿಟ್ಟರು. ಅವರೂ ಯಾರದೋ ಮನೆಯ ಮಕ್ಕಳೇ.

ಈಗ ಯೋಚನೆ ಮಾಡಿ ವೀಕ್ಷಕರೇ. ಇಷ್ಟು ದೊಡ್ಡ ಘಟನೆ. ಇದು ಹೊರಗಿನವರಿಗೆ ತಿಳಿದದ್ದು ಹೇಗೆ?

ಟಿವಿ? ಇರಲಿಲ್ಲ. ಬೆಂಗಳೂರಿಗೇ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. ಅದಕ್ಕೆ ಮೊದಲು ರಾಜ್ಯದಲ್ಲಿ ಕೇಂದ್ರ ಇದ್ದದ್ದು ಕಲಬುರಗಿಯಲ್ಲಿ, ಅದೂ 1977ರಿಂದ. ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ತೋರಿಸೋ ಪ್ರಯೋಗ ನಡೆದದ್ದು ಆ ಭಾಗದಲ್ಲೇ ಅನ್ನೋದು ಅದಕ್ಕೆ ಕಾರಣ. ನವಲಗುಂದದವರಿಗೆ ಟಿವಿ ಅಂದರೆ ಹೆಸರು ಕೇಳಿದ್ದಷ್ಟೇ.

ರೇಡಿಯೋ ಇತ್ತು. ಧಾರವಾಡ ಆಕಾಶವಾಣಿ 1950ರ ಜನವರಿ 8ರಿಂದ ಇದೆ. ಆ ಕೇಂದ್ರದ ಋಣ ನಮ್ಮ ಭಾಗದ ಮೇಲೆ ದೊಡ್ಡದು. ಸಂಗೀತ, ನಾಟಕ, ಕೃಷಿರಂಗ, ಪೇಟೆ ಧಾರಣಿ, ಎಲ್ಲ ಅಲ್ಲಿಂದಲೇ. ಹತ್ತಿಗೆ ಹುಬ್ಬಳ್ಳಿ ಪೇಟೆಯಲ್ಲಿ ಇವತ್ತು ಏನು ರೇಟು ಅಂತ ದಲಾಲರು ಹೇಳಿದ್ದನ್ನು ಬಿಟ್ಟರೆ ರೈತನಿಗೆ ತಿಳಿಯೋ ಇನ್ನೊಂದು ದಾರಿ ಅಂದರೆ ಆ ರೇಡಿಯೋ. ಆದರೆ ಸುದ್ದಿ ವಿಷಯಕ್ಕೆ ಬಂದರೆ ಅದು ಸರ್ಕಾರದ ರೇಡಿಯೋ. ಆಕಾಶವಾಣಿ, ದೂರದರ್ಶನಗಳು ಪ್ರಸಾರ ಭಾರತಿ ಅನ್ನೋ ಪ್ರತ್ಯೇಕ ಸಂಸ್ಥೆಯ ಕೈಗೆ ಹೋದದ್ದು 1997ರಲ್ಲಿ. ಸರ್ಕಾರದ ಪೊಲೀಸರು ಗುಂಡು ಹಾರಿಸಿದಾಗ ಸರ್ಕಾರದ ರೇಡಿಯೋ ಎಷ್ಟು ಹೇಳುತ್ತೆ, ಯಾವ ದನಿಯಲ್ಲಿ ಹೇಳುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದದ್ದು ಪತ್ರಿಕೆ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಈ ಭಾಗದ ಮನೆಮನೆಯ ಪತ್ರಿಕೆ. ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’ ವಾರಪತ್ರಿಕೆ 1954ರಿಂದ ಅದೇ ಊರಿಂದ ಬರ್ತಿತ್ತು. ಬೆಂಗಳೂರಲ್ಲಿ ಲಂಕೇಶರು ತಮ್ಮ ಪತ್ರಿಕೆ ಶುರು ಮಾಡಿದ್ದೂ 1980ರ ಜುಲೈನಲ್ಲೇ, ಈ ಗೋಲಿಬಾರಿಗೆ ಎರಡು ವಾರ ಮೊದಲು.

ಆ ಕಾಲದ ತಾಲ್ಲೂಕು ವರದಿಗಾರ ಅಂದರೆ ಯಾರು ಗೊತ್ತಾ? ಬಹಳ ಕಡೆ ಪೇಪರ್ ಏಜೆಂಟನೇ ವರದಿಗಾರ. ಇಲ್ಲಾ ಸಾಲಿ ಮಾಸ್ತರು. ಇಲ್ಲಾ ಕಿರಾಣಿ ಅಂಗಡಿಯವನು. ಸುದ್ದಿಯನ್ನು ಕೈಯಲ್ಲಿ ಬರೆದು ಕವರಿಗೆ ಹಾಕಿ ಬಸ್ ನಿಲ್ದಾಣಕ್ಕೆ ಓಡ್ತಿದ್ದ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕವರ್ ಕೊಟ್ಟು, “ಅಣ್ಣಾರ, ಆಫೀಸಿನ ಹುಡುಗ ಬರ್ತಾನ, ಅವನ ಕೈಯಾಗ ಕೊಟ್ಟುಬಿಡ್ರಿ” ಅಂತಿದ್ದ. ಫೋಟೋ ಇದ್ದರೆ ರೀಲೂ ಅದೇ ಕವರಿನಲ್ಲಿ. ಫೋನ್ ಮಾಡಬೇಕಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟ್ ಆಫೀಸಿನ ಕಟ್ಟೆ ಮೇಲೆ ಕೂಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕರೆಗೂ ದರ್ಜೆ. ಹೆಸರು ಲೈಟ್ನಿಂಗ್, ಸಿಗೋ ಹೊತ್ತಿಗೆ ಸಂಜೆ. ಟೆಲಿಗ್ರಾಂ ಕೊಟ್ಟರೆ ಶಬ್ದಕ್ಕೆ ಲೆಕ್ಕ. ಗಲಾಟೆ ಆದ ದಿನ ಮೊದಲು ನಿಲ್ಲೋದು ಯಾವುದು ಹೇಳಿ? ಬಸ್ಸು. ಬಸ್ ನಿಂತರೆ ಕವರ್ ನಿಂತಿತು. ಕವರ್ ನಿಂತರೆ ಸುದ್ದಿ ನಿಂತಿತು.

ಹೀಗಾಗಿ ಅಂಥ ದಿನಗಳಲ್ಲಿ ಎರಡು ಥರದ ಸುದ್ದಿ ಇರ್ತಿತ್ತು. ಒಂದು ಬಾಯಿಂದ ಬಾಯಿಗೆ ಓಡೋದು. ಅದು ಊರಿಂದ ಊರಿಗೆ ಹೋಗೋಷ್ಟರಲ್ಲಿ ಬೆಳೆಯುತ್ತೆ. ಇನ್ನೊಂದು ಅಧಿಕಾರಿ ಬರೆದದ್ದು. ಅದು ಮೇಜಿಂದ ಮೇಜಿಗೆ ಹೋಗೋಷ್ಟರಲ್ಲಿ ಸಣ್ಣದಾಗುತ್ತೆ. ನಿಜ ಎರಡರ ನಡುವೆ ಎಲ್ಲೋ. ಕಂಡವರು ನೂರಾರು ಜನ ಇದ್ದರು, ಆದರೆ ಕಂಡದ್ದನ್ನು ತೋರಿಸೋಕೆ ಅವರ ಕೈಯಲ್ಲಿ ಏನೂ ಇರಲಿಲ್ಲ. “ನಾ ನೋಡೀನ್ರೀ” ಅನ್ನೋದೊಂದೇ ಅವರ ಪುರಾವೆ. ಅದರ ಎದುರಿಗೆ ಪಂಚನಾಮೆ, ಠಸ್ಸೆ, ಸಹಿ.

ಹಾಗಂತ ಸುದ್ದಿ ಸತ್ತಿತೇ? ಇಲ್ಲ. ಅದು ನಡೆದುಕೊಂಡು ಬೆಂಗಳೂರಿಗೆ ಹೋಯ್ತು. ಅಕ್ಷರಶಃ ನಡೆದುಕೊಂಡು. 1981ರಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದವು. ಊರೂರಲ್ಲಿ ನಿಂತು, ಊರೂರಲ್ಲಿ ಉಂಡು, ನರಗುಂದದಲ್ಲಿ ಏನಾಯ್ತು ಅಂತ ಹೇಳ್ತಾ ಹೋದರು. ಈ ನಡುವೆ ರೈತ ಸಂಘ ಹುಟ್ಟಿತು, ಹಸಿರು ಶಾಲು ಬಂತು. ಗುಂಡೂರಾವ್ ಸರ್ಕಾರ ರಿಯಾಯಿತಿಗಳನ್ನು ಘೋಷಿಸಿತ್ತು, ಸಾಲಲಿಲ್ಲ. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳಕೊಂಡಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ಒಂದೇ ಕಾರಣಕ್ಕೆ ಸರ್ಕಾರ ಬಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಗುಂಡಿನ ಸದ್ದು ಮತಪೆಟ್ಟಿಗೆ ಮುಟ್ಟೋಕೆ ಎರಡೂವರೆ ವರ್ಷ ಹಿಡಿಯಿತು. ಆ ಕಾಲದ ಸುದ್ದಿಯ ವೇಗ ಅದು.

ಇನ್ನೊಂದು ಮಾತು. ಆ ದಿನದ ಚಲಿಸೋ ಚಿತ್ರ ಒಂದನ್ನೂ ನಾನು ನೋಡಿಲ್ಲ. ಆದರೆ ಆ ರೈತರ ಹೆಸರಲ್ಲಿ ಕಲ್ಲು ನಿಂತಿದೆ. ನರಗುಂದದಲ್ಲಿ ವೀರಗಲ್ಲು, ನವಲಗುಂದದಲ್ಲಿ ಹುತಾತ್ಮ ಸ್ಮಾರಕ. ಪ್ರತಿ ಜುಲೈ 21ಕ್ಕೆ ಜನ ಹೋಗ್ತಾರೆ, ಹಾರ ಹಾಕ್ತಾರೆ, ಹೆಸರು ಹೇಳ್ತಾರೆ. ಪುರಾವೆ ಇಲ್ಲದವರು ಕಲ್ಲು ನಿಲ್ಲಿಸಿದರು. ನಮ್ಮ ನಾಡಿನಲ್ಲಿ ಇದು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. ದನ ಕಾಯ್ದು ಸತ್ತವನಿಗೂ, ಊರು ಕಾಯ್ದು ಸತ್ತವನಿಗೂ ಕಲ್ಲು.

ಮಧ್ಯದ ಕಥೆ ಬೇಗ ಹೇಳಿಬಿಡ್ತೀನಿ. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಸಿ-ಡಾಟ್‌ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯ್ತು. ಎಸಿ ಬೇಕಿಲ್ಲ, ಹಳ್ಳಿಯ ಧೂಳು-ಬಿಸಿಲಿಗೆ ತಡೆಯೋ ದೇಶೀ ಯಂತ್ರ. ರಾಣಿ ಚೆನ್ನಮ್ಮನ ಊರಿಂದ ಭಾರತದ ಹಳ್ಳಿಗಳ ಫೋನ್ ಕಥೆ ಶುರುವಾಯ್ತು ಅಂತ ಎಷ್ಟು ಜನಕ್ಕೆ ಗೊತ್ತಿದೆ? ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು, ಆದರೆ ಅದು ದೊಡ್ಡ ಪಟ್ಟಣದವರಿಗೆ. 2006ರ ಡಿಸೆಂಬರಿನಲ್ಲಿ ಟಿವಿ9 ಬಂತು, ಅದರ ಹಿಂದೆ ಒಂದಾದ ಮೇಲೊಂದು ಕನ್ನಡ ಸುದ್ದಿ ವಾಹಿನಿಗಳು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋಯ್ತು.

ಈ ನಡುವೆ ಸದ್ದಿಲ್ಲದೆ ಆದ ಒಂದು ದೊಡ್ಡ ಕೆಲಸ ‘ಭೂಮಿ’. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗಿನ 177 ತಾಲ್ಲೂಕುಗಳ ಕಚೇರಿಯಲ್ಲಿ ಕೌಂಟರ್. 15 ರೂಪಾಯಿ ಕೊಟ್ಟರೆ ಉತಾರ ಕೈಗೆ. ನಾನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ತಲಾಠಿಯ ದಫ್ತರ? ಅದರ ಬೀಗ ತೆಗೆದದ್ದು ಇದು. ತಪ್ಪುಗಳಿದ್ದವು, ಇವತ್ತಿಗೂ ಹೆಸರು ತಿದ್ದಿಸೋಕೆ ಅಲೆಯೋರು ಇದ್ದಾರೆ. ಆದರೂ ನನ್ನ ಲೆಕ್ಕದಲ್ಲಿ ಹಳ್ಳಿಯ ಮಟ್ಟಿಗೆ ಮಾಹಿತಿ ಕ್ರಾಂತಿ ಅಂದರೆ ಮೊದಲು ಇದು, ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆ, ಅದಾದ ಮೇಲೆ ವಾಟ್ಸಾಪು-ಫೇಸ್‌ಬುಕ್ಕು.

ಈಗ 2016ಕ್ಕೆ ಬರೋಣ.

ಯಮನೂರು ಅಂದರೆ ನಮ್ಮ ಕಡೆಯವರಿಗೆ ಜಗಳದ ಊರಲ್ಲ. ಅದು ಚಾಂಗದೇವರ ಊರು. ರಾಜಾ ಬಾಗ್ ಸವಾರ್ ದರ್ಗಾದ ಊರು. ಹುಲಿ ಮೇಲೆ ಸವಾರಿ ಮಾಡಿದ ಸಂತ. ಹಿಂದೂಗಳೂ ನಡಕೊಳ್ತಾರೆ, ಮುಸ್ಲಿಮರೂ ನಡಕೊಳ್ತಾರೆ. ಹೋಳಿ ಹುಣ್ಣಿಮೆ ಆದ ಮೇಲೆ ಜಾತ್ರೆ. ಬೆಣ್ಣಿಹಳ್ಳದ ನೀರಿನಿಂದ ಅಲ್ಲಿ ದೀಪ ಹಚ್ಚುತ್ತಾರೆ ಅನ್ನೋದು ಸುತ್ತಮುತ್ತಲಿನವರ ನಂಬಿಕೆ. ಇಂಟರ್‌ನೆಟ್ಟು, ಪೇಪರು ಏನೂ ಇಲ್ಲದ ಕಾಲದಲ್ಲಿ ಇಂಥ ಜಾತ್ರೆಯೇ ಒಂದು ಸುದ್ದಿ ವಾಹಿನಿ. ಎತ್ತಿನ ರೇಟು, ಯಾವ ಊರಲ್ಲಿ ಮಳೆ, ಯಾರ ಮನೆಯಲ್ಲಿ ಹೆಣ್ಣು-ಗಂಡು, ಯಾವ ಸಾವ್ಕಾರ ದಿವಾಳಿ ಎದ್ದ, ಎಲ್ಲ ಅಲ್ಲೇ ಗೊತ್ತಾಗ್ತಿತ್ತು. ವರ್ಷಕ್ಕೊಂದು ಬುಲೆಟಿನ್!

ಬೆಣ್ಣಿಹಳ್ಳದ ಇನ್ನೊಂದು ಗುಣ ಹೇಳಬೇಕು. ಶಿಗ್ಗಾವಿ ಕಡೆ ದುಂಡಶಿ ಹತ್ತಿರ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ ಸೀಮೆ ಹಾಯ್ದು, ನವಲಗುಂದಕ್ಕೆ ಬಂದು, ಮುಂದೆ ಮೆಣಸಗಿ ಹತ್ತಿರ ಮಲಪ್ರಭೆ ಸೇರುತ್ತೆ. ಮೇಲೆ ಮಳೆ ಆದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ಹಳ್ಳ ತುಂಬಿ ಬರುತ್ತೆ. ಮೊದಲೆಲ್ಲ ಹಳ್ಳ ಬಂದದ್ದು ಗೊತ್ತಾಗ್ತಿದ್ದದ್ದು ಹಳ್ಳ ಬಂದ ಮೇಲೆಯೇ. ಈಗ ಮೇಲಿನೂರಿನ ಬೀಗರು ಫೋನ್ ಮಾಡ್ತಾರೆ, “ದನಾ ಈಚೆ ಹೊಡಕೊಳ್ರಿ, ಹಳ್ಳ ಬರಾಕತ್ತೈತಿ” ಅಂತ. ಒಂದು ಫೋನು, ಒಂದು ಜೋಡಿ ಎತ್ತು ಉಳೀತು. ಮಾಹಿತಿ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಉದಾಹರಣೆ ಕೊಡ್ತೀನಿ.

ಮಳೆಗಾಲದಲ್ಲಿ ಹಳ್ಳ ಊರು ಮುಳುಗಿಸುತ್ತೆ, ಬ್ಯಾಸಿಗೆಯಲ್ಲಿ ಕುಡಿಯೋಕೂ ನೀರಿಲ್ಲ. ಮಲಪ್ರಭಾ ಅಣೆಕಟ್ಟು ತುಂಬದ ವರ್ಷಗಳೇ ಹೆಚ್ಚು. ಅದಕ್ಕೇ ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಅನ್ನೋ ಹೋರಾಟ. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು, ವರ್ಷ ಕಳೆದರೂ ಏಳಲಿಲ್ಲ. ಮಹದಾಯಿ ನ್ಯಾಯಮಂಡಳಿ ಮುಂದೆ ಕರ್ನಾಟಕ 7.56 ಟಿಎಂಸಿ ನೀರಿಗೆ ಮಧ್ಯಂತರ ಅರ್ಜಿ ಹಾಕಿತ್ತು. ಕಳಸಾದಿಂದ 3.56, ಬಂಡೂರಿಯಿಂದ 4. 2016ರ ಜುಲೈ 27ರಂದು ಆ ಅರ್ಜಿ ವಜಾ ಆಯ್ತು.

ಆ ದಿನ ನಾನು ಸ್ಟುಡಿಯೋದಲ್ಲಿದ್ದೆ. ದೆಹಲಿಯಿಂದ ಒಂದು ಸಾಲು ಬಂತು. ಕೆಂಪು ಪಟ್ಟಿ ಓಡಿತು. “ಕರ್ನಾಟಕಕ್ಕೆ ಬಿಗ್ ಶಾಕ್”, “ನೀರಿಲ್ಲ”, “ಅರ್ಜಿ ವಜಾ”. ಒಂದೊಂದು ಅಕ್ಷರ ಒಂದೊಂದು ಪರದೆ ತುಂಬ. ನಾನೂ ಓದಿದೆ, ದನಿ ಏರಿಸಿಯೇ ಓದಿದೆ. ಆದೇಶದ ಪ್ರತಿ ಇಂಗ್ಲಿಷಿನಲ್ಲಿತ್ತು. ನನ್ನ ಮುಂದೆ ಅದು ಇರಲಿಲ್ಲ. ಇದ್ದರೂ ಓದೋಕೆ ಪುರುಸೊತ್ತು ಇರಲಿಲ್ಲ, ಯಾಕಂದರೆ ಪಕ್ಕದ ವಾಹಿನಿ ಆಗಲೇ ಶುರು ಮಾಡಿತ್ತು.

ಆ ದಿನ ನಾವು ಹೇಳಬೇಕಾಗಿದ್ದ ಒಂದು ಮಾತಿತ್ತು. ಮಧ್ಯಂತರ ಅರ್ಜಿ ವಜಾ ಆಗಿದೆ, ಕೇಸು ವಜಾ ಆಗಿಲ್ಲ. ಅಂತಿಮ ತೀರ್ಪು ಇನ್ನೂ ಬಾಕಿ ಇದೆ. ಹೇಳೋಕೆ ಹತ್ತು ಸೆಕೆಂಡು ಸಾಕು. ಹೇಳಿದೆವಾ? ಎಲ್ಲೋ ಒಂದು ಮೂಲೆಯಲ್ಲಿ, ಚರ್ಚೆಯ ಗದ್ದಲದಲ್ಲಿ ಯಾರೋ ವಕೀಲರು ಹೇಳಿರಬಹುದು. ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ಬರಲಿಲ್ಲ.

ಮರುದಿನದಿಂದ ನವಲಗುಂದ ಹೊತ್ತಿ ಉರಿಯಿತು. ಸರ್ಕಾರಿ ಕಚೇರಿಗಳ ಮೇಲೆ ಕಲ್ಲು, ಬೆಂಕಿ. ಅದು ತಪ್ಪು, ನಾನು ಅದನ್ನು ಸಮರ್ಥಿಸೋದಿಲ್ಲ. ಅದರ ಬೆನ್ನಿಗೆ ಪೊಲೀಸರು ಯಮನೂರಿಗೆ ನುಗ್ಗಿದರು. ಹೆಂಗಸರು, ವಯಸ್ಸಾದವರು ಅನ್ನದೆ ಲಾಠಿ ಬೀಸಿದರು. ಆದರೆ ಇದು 1980 ಆಗಿರಲಿಲ್ಲ. ಕ್ಯಾಮೆರಾ ಇತ್ತು, ಮೊಬೈಲ್ ಇತ್ತು. ಸಂಜೆಯ ಹೊತ್ತಿಗೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಕೈಯಲ್ಲೂ ಯಮನೂರು. ಜಿಯೋ ಇನ್ನೂ ಬಂದಿರಲಿಲ್ಲ, ಅದು ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಡೇಟಾ ಇನ್ನೂ ತುಟ್ಟಿ ಇದ್ದ ಕಾಲ. ಆದರೂ ಅಷ್ಟು ವೇಗ.

ಆ ವಿಡಿಯೋ ಇಲ್ಲದಿದ್ದರೆ ಏನಾಗ್ತಿತ್ತು? ಹೇಳೋದು ಕಷ್ಟವಲ್ಲ. “ಲಘು ಲಾಠಿ ಪ್ರಹಾರ” ಅಂತ ಒಂದು ಸಾಲು ಬರ್ತಿತ್ತು. ಮುಗೀತು. ವಿಡಿಯೋ ಇದ್ದದ್ದಕ್ಕೇ ಸರ್ಕಾರ ತನಿಖೆಗೆ ಆದೇಶ ಮಾಡಬೇಕಾಯ್ತು, ಕೆಲವು ಪೊಲೀಸರು ಅಮಾನತಾದರು. ಜುಲೈ 30ಕ್ಕೆ ಇಡೀ ರಾಜ್ಯ ಬಂದ್ ಆಯ್ತು. 1981ರಲ್ಲಿ ಪಾದಯಾತ್ರೆ ಬೆಂಗಳೂರು ಮುಟ್ಟೋಕೆ ಬೇಕಾದ ದಿನಗಳಲ್ಲಿ, ಇಲ್ಲಿ ಘಟನೆ ನಡೆದು, ಜನ ನೋಡಿ, ಸಿಟ್ಟು ಬಂದು, ಬಂದ್ ಆಗಿ, ಹಳೇ ಸುದ್ದಿಯೂ ಆಗಿಬಿಟ್ಟಿತು. ಇದು ಸಣ್ಣ ಬದಲಾವಣೆ ಅಲ್ಲ. ಪುರಾವೆ ಮೊದಲ ಸಲ ಏಟು ತಿಂದವನ ಕೈಗೆ ಬಂತು. ಇಂಟರ್‌ನೆಟ್ಟನ್ನು ಬೈಯೋರಿಗೆ ನಾನು ಇದನ್ನು ನೆನಪಿಸ್ತೀನಿ.

ಕೆಲವು ದಿನ ಆದ ಮೇಲೆ ಕಾರ್ಯಕ್ರಮಕ್ಕೆ ಅಂತ ಯಮನೂರಿಗೆ ಹೋಗಿದ್ದೆ. ಕಟ್ಟೆ ಮೇಲೆ ಒಬ್ಬ ಅಜ್ಜ ಕೂತಿದ್ದರು. ಧೋತರ, ಅಂಗಿ, ಹೆಗಲಿಗೊಂದು ಹಸಿರು ಟವೆಲ್. 1980ರಲ್ಲಿ ನವಲಗುಂದದ ಗುಂಪಿನಲ್ಲಿ ತಾವೂ ಇದ್ದವರಂತೆ. ನಾನು ಮೈಕ್ ಹಿಡಿದೆ. ಅವರು ಮೈಕ್ ಕಡೆ ನೋಡಲೇ ಇಲ್ಲ, ನನ್ನನ್ನು ನೋಡಿದರು.

“ಬಡದದ್ದು ತೋರಿಸಿದ್ರಿ, ಚಲೋ ಆತು. ಆವಾಗ ನಾವು ಹೇಳಿದ್ದು ಯಾರೂ ನಂಬಲಿಲ್ಲ. ಈಗ ನಂಬಿದ್ರು. ಅದು ಇರಲಿ. ಆ ಕೋರ್ಟಿನವ್ರು ಕಾಗದದಾಗ ಏನ್ ಬರದಾರ್ರೀ? ನೀರು ಯಾಕ ಕೊಡಂಗಿಲ್ಲ ಅಂತ? ಇನ್ನ ಕೊಡೋದ ಇಲ್ಲೋ, ಈಗ ಇಲ್ಲೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಅದೇ ವಿಷಯದ ಮೇಲೆ ಗಂಟಲು ಹರಿಯೋ ಹಾಗೆ ಮಾತಾಡಿದ್ದವನು ನಾನು. “ಅಜ್ಜಾರ, ಕೇಳಿ ಹೇಳ್ತೀನಿ” ಅಂದೆ. ಕ್ಯಾಮೆರಾದವನಿಗೆ ಕಟ್ ಅಂತ ಕೈ ಮಾಡಿದೆ.

ಕಾರಿನಲ್ಲಿ ವಾಪಸ್ ಬರುವಾಗ ಯೋಚನೆ ಹತ್ತಿತು. 1980ರ ರೈತನಿಗೆ ದಫ್ತರದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ, ಯಾಕಂದರೆ ದಫ್ತರ ಬೀಗದೊಳಗಿತ್ತು. 2016ರ ರೈತನಿಗೆ ಆದೇಶದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ, ಅದು ಬೀಗದೊಳಗೆ ಇಲ್ಲದಿದ್ದರೂ. ಫೋನ್ ಅವನ ಮೊಮ್ಮಗನ ಕೈಯಲ್ಲಿದೆ, ಕಾಗದ ಇಂಟರ್‌ನೆಟ್ಟಿನಲ್ಲಿ ಸಿಗುತ್ತೆ. ಆದರೆ ಅದು ಇಂಗ್ಲಿಷಿನಲ್ಲಿದೆ, ವಕೀಲರ ಇಂಗ್ಲಿಷಿನಲ್ಲಿ. ಅದನ್ನು ಓದಿ ಕನ್ನಡದಲ್ಲಿ ಹೇಳಬೇಕಾದವರು ಯಾರು? ಮೊದಲು ಬಸ್ಸಿನಲ್ಲಿ ಕವರ್ ಕಳಿಸ್ತಿದ್ದ ಆ ಮಾಸ್ತರ ಜಾಗದಲ್ಲಿ ಈಗ ಕೂತವರು ಯಾರು? ನಾವೇ ತಾನೇ?

ನೋಡೋದು ಬೇರೆ, ತಿಳಿಯೋದು ಬೇರೆ ಅಂತ ನನಗೆ ಅನುಭವಕ್ಕೆ ಬಂದದ್ದು ಅವತ್ತು. ಎರಡು ವರ್ಷದ ಮೇಲೆ ಇನ್ನೂ ಕಹಿಯಾಗಿ ಬಂತು. 2018ರ ಜುಲೈ. ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದ ಯುವಕರನ್ನು ಮಕ್ಕಳ ಕಳ್ಳರು ಅಂತ ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು, ಒಬ್ಬರು ಸತ್ತೇ ಹೋದರು. ಅಲ್ಲೂ ಫೋನೇ, ಅಲ್ಲೂ ವಾಟ್ಸಾಪೇ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು. ಮೊದಲು ಬಾಯಿಂದ ಬಾಯಿಗೆ ಹೋಗ್ತಾ ಬೆಳೀತಿದ್ದ ಸುದ್ದಿ ಈಗ ಬೆರಳಿಂದ ಬೆರಳಿಗೆ ಹೋಗ್ತಾ ಬೆಳೆಯುತ್ತೆ. ವಾಲಿಕಾರ ಡಂಗುರ ಹೊಡೆದರೆ ಅದು ಯಾರು ಹೇಳಿಸಿದ್ದು ಅಂತ ಊರಿಗೆ ಗೊತ್ತಿರ್ತಿತ್ತು. ಈ ಡಂಗುರ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ.

ಸರ್ಕಾರಗಳೂ ಕಲಿತವು. ಮೊದಲು ಬಸ್ ನಿಲ್ಲಿಸಿದರೆ ಸುದ್ದಿ ನಿಲ್ಲುತ್ತಿತ್ತು. ಈಗ ಗಲಾಟೆ ಆದ ಕಡೆ ಇಂಟರ್‌ನೆಟ್ ನಿಲ್ಲಿಸ್ತಾರೆ. ಅದಕ್ಕೆ 2017ರಲ್ಲಿ ನಿಯಮಗಳನ್ನೇ ಮಾಡಿದರು. ವದಂತಿ ತಡೆಯೋಕೆ ಅಂತಾರೆ, ಕೆಲವೊಮ್ಮೆ ನಿಜವೇ. ಆದರೆ ವದಂತಿ ಜೊತೆಗೆ ಯಮನೂರಿನ ಥರದ ವಿಡಿಯೋ ಕೂಡ ನಿಲ್ಲುತ್ತೆ ಅನ್ನೋದನ್ನು ಮರೀಬಾರದು.

ಮಹದಾಯಿ ಅಂತಿಮ ತೀರ್ಪು ಬಂದದ್ದು 2018ರ ಆಗಸ್ಟ್ 14ಕ್ಕೆ. ಮತ್ತೆ ಕೆಂಪು ಪಟ್ಟಿ. “ಕರ್ನಾಟಕಕ್ಕೆ 13.42 ಟಿಎಂಸಿ!” ಕೆಲವು ಕಡೆ ಪಟಾಕಿ, ಪೇಡೆ. ಕೇಳಿದ್ದು 7.56, ಸಿಕ್ಕಿದ್ದು 13.42, ಅಂದರೆ ಗೆದ್ದೆವು ಅಂತ ಯಾರಿಗಾದರೂ ಅನ್ನಿಸುತ್ತೆ. ಈ ಸಲ ನಾನು ಪಟ್ಟಿ ಓದೋದಕ್ಕೆ ಮೊದಲು ಕಾಗದ ತರಿಸಿದೆ. 12 ಸಂಪುಟಗಳ ವರದಿ. ಎಲ್ಲ ಓದಿದೆ ಅಂತ ಸುಳ್ಳು ಹೇಳಲ್ಲ. ಹಂಚಿಕೆಯ ಪುಟಗಳನ್ನು ಒಬ್ಬ ನಿವೃತ್ತ ಎಂಜಿನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ.

ಲೆಕ್ಕ ಹೀಗಿತ್ತು. 13.42ರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಅದು ಕುಡಿಯೋ ನೀರಲ್ಲ, ಹೊಲಕ್ಕೆ ಬರೋ ನೀರೂ ಅಲ್ಲ. 1.5 ಮಹದಾಯಿ ಕೊಳ್ಳದ ಒಳಗಿನ ಬಳಕೆಗೇ. ಮಲಪ್ರಭೆಗೆ ಬರೋದು ಕಳಸಾದಿಂದ 1.72, ಬಂಡೂರಿಯಿಂದ 2.18. ಕೂಡಿಸಿದರೆ 3.9. ಕೇಳಿದ್ದರ ಸುಮಾರು ಅರ್ಧ.

ಆ ರಾತ್ರಿ ನನ್ನ ಕಾರ್ಯಕ್ರಮದಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹೇಳಿದೆ. ಟಿಆರ್‌ಪಿ ಬರಲಿಲ್ಲ. ಪಟಾಕಿ ತೋರಿಸಿದವರಿಗೆ ಬಂತು.

ಕೇಂದ್ರ ಸರ್ಕಾರ ಆ ತೀರ್ಪನ್ನು ಗೆಜೆಟ್‌ನಲ್ಲಿ ಹಾಕಿದ್ದು 2020ರ ಫೆಬ್ರುವರಿಯಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ಹೋಳಿ ಆದ ಮೇಲೆ, ಯಮನೂರಿನ ಜಾತ್ರೆಗೆ ಹೋಗಿದ್ದೆ. ಕೆಲಸದ ಮೇಲಲ್ಲ, ಸುಮ್ಮನೆ. ಬೆಂಡು-ಬತ್ತಾಸಿನ ಅಂಗಡಿ ಸಾಲು ದಾಟಿ, ಹಳ್ಳದ ಕಡೆ ಹೋಗೋ ಹಾದಿಯಲ್ಲಿ ಅದೇ ಅಜ್ಜ ಸಿಕ್ಕರು. ಗುರುತು ಹಿಡಿದರು. “ಏನ್ರೀ ಟಿವಿ ಸಾಹೇಬ್ರ, ಕೇಳಿ ಹೇಳ್ತೀನಿ ಅಂದಿದ್ರಿ” ಅಂದರು. ಎರಡೂವರೆ ವರ್ಷದ ಹಿಂದಿನ ಮಾತು!

ಚಹಾದ ಅಂಗಡಿಯಲ್ಲಿ ಕೂತೆವು. ಜೇಬಿನಲ್ಲಿದ್ದ ಬಸ್ ಟಿಕೆಟ್ಟಿಗೆ ಜಾಗ ಸಾಲಲಿಲ್ಲ, ಅಂಗಡಿಯವನ ಹತ್ತಿರ ಒಂದು ಹಾಳೆ ಇಸಕೊಂಡು ಬರೆದೆ. ಮೇಲೆ 7.56. ಅದರ ಕೆಳಗೆ 13.42. ಅದರ ಕೆಳಗೆ 8.02, 1.5, 3.9. ಯಾವುದು ಎಲ್ಲಿಗೆ ಅಂತ ಒಂದೊಂದಕ್ಕೂ ಬೆರಳಿಟ್ಟು ಹೇಳಿದೆ. ಐದು ನಿಮಿಷ ಹಿಡೀತು. ಅಜ್ಜ 3.9ರ ಮೇಲೆ ತಾವೂ ಒಮ್ಮೆ ಬೆರಳಿಟ್ಟರು. “ಇಷ್ಟ?” ಅಂದರು.

“ಇಷ್ಟರೀ ಅಜ್ಜಾರ.”

“ಮತ್ತ ಅವತ್ತ ಪೇಡೆ ಯಾಕ ಹಂಚಿದ್ರು?”

ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ಹಾಳೆಯನ್ನು ಈಸಕೊಂಡು ಮೇಜಿನ ಮೇಲೆ ಸರಿಯಾಗಿ ಹರವಿ, ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಿದ. ಅಜ್ಜ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.